ಗಂಡನ ಕಾಲಂ

ನನ್ನ ಗಂಡ ಮನೆಯಲ್ಲಿದ್ದ ಹದಿನೇಳು ವರ್ಷಗಳಲ್ಲಿ ಒಂದು ಬಕೆಟ್ ನೀರು ತುಂಬಿದವನಲ್ಲ. ಮನೆ ಬಿಟ್ಟು ಹೋದ ಮೇಲೆ ಮಾತ್ರ, ನಾನು ಯಾವ ಫಾರಂ ತೆರೆದರೂ ಕರೆಯದೇ ಬಂದು ತುಂಬಿಕೊಳ್ಳತೊಡಗಿದ. ರಜೆ ಅರ್ಜಿ ತೆರೆದರೆ ಅವನು. ಗುರುತಿನ ಚೀಟಿಯ ಅರ್ಜಿಯಲ್ಲೂ ಅವನು. ನಮ್ಮ ವಿಭಾಗದವರಿಗೆ ರಬ್ಬರ್ ಬೂಟು ಕೊಡುವ ಮೊದಲು ಕಾಲಿನ ಅಳತೆ ಕೇಳುವ ಫಾರಂ ಒಂದಿದೆ. ನನ್ನ ಪಾದಕ್ಕೂ ಅವನಿಗೂ ಏನು ಸಂಬಂಧವೋ, ಅಲ್ಲೂ 'ಪತಿ' ಎಂಬ ಕಾಲಂನಲ್ಲಿ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಸಮೇತ ಹಾಜರಾಗಿ ಹಲ್ಲು ಕಿರಿಯುತ್ತಿದ್ದ.

ಈ ಒಂದು ವಿಷಯದಲ್ಲಿ ಮಾತ್ರ ತಪ್ಪು ಅವನದಲ್ಲ. ನಾನು ದೊಡ್ಡದೊಂದು ಆಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಳ್ಳುವವಳು. ನಮ್ಮ ರಾಜ್ಯ ಇರುವುದು ನೆಲಮಾಳಿಗೆಯಲ್ಲಿ. ಒಂದು ಕಡೆ ಬಾಯ್ಲರ್ ಬುಸುಗುಡುತ್ತದೆ, ಇನ್ನೊಂದು ಕಡೆ ಆಳೆತ್ತರದ ಇಸ್ತ್ರಿ ಯಂತ್ರ ಹಾಸಿಗೆಯ ಹೊದಿಕೆಗಳನ್ನು ನುಂಗಿ ನುಂಗಿ ಉಗುಳುತ್ತದೆ, ನಡುವೆ ನಾವು ಹನ್ನೆರಡು ಜನ ಹಬೆಯಲ್ಲಿ ಬೇಯುತ್ತಿರುತ್ತೇವೆ. ಎರಡು ವರ್ಷದ ಹಿಂದೆ ಆಡಳಿತದವರು ಕಾಗದದ ಫಾರಂಗಳನ್ನೆಲ್ಲ ನಿಲ್ಲಿಸಿ ನಮಗೂ ಒಂದು ಕಂಪ್ಯೂಟರ್ ಕೊಟ್ಟರು. ಹಬೆಗೆ ಹಾಳಾಗಬಾರದೆಂದು ನಾವು ಅದಕ್ಕೆ ದಿಂಬಿನ ಕವರು ಹೊದಿಸಿಟ್ಟಿದ್ದೇವೆ.

ಹೊಸ ಪದ್ಧತಿ ಹೀಗೆ. ನೌಕರರ ವಿವರಗಳೆಲ್ಲ 'ಡೈರೆಕ್ಟರಿ' ಎಂಬ ಒಂದೇ ಕಡೆ ಇರುತ್ತವೆ. ನೀವು ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ಫಾರಂ ತೆರೆದರೆ ಸಾಕು, ಅದು ನೆಟ್‌ವರ್ಕಿನಲ್ಲಿ ಓಡಿಹೋಗಿ ಡೈರೆಕ್ಟರಿಯಿಂದ ನಿಮ್ಮ ವಿವರ ತಂದು ತಾನೇ ತುಂಬಿಕೊಳ್ಳುತ್ತದೆ. ತುಂಬಿದ ಖಾನೆಗಳು ಬೂದುಬಣ್ಣಕ್ಕೆ ತಿರುಗುತ್ತವೆ. ಒಮ್ಮೆ ಬೂದುಬಣ್ಣಕ್ಕೆ ತಿರುಗಿದ್ದನ್ನು ನೀವು ಕುಟ್ಟಿದರೂ ಬೈದರೂ ಅಲುಗಿಸುವುದಕ್ಕಾಗುವುದಿಲ್ಲ. ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ಡೈರೆಕ್ಟರಿ ನೋಡಿಕೊಳ್ಳುವವನು ಮೂರನೇ ಮಹಡಿಯಲ್ಲಿ ಕೂರುವ ಒಬ್ಬ ಸಣಕಲ ಆಸಾಮಿ. ಇಡೀ ಆಸ್ಪತ್ರೆಯವರ ಹುಟ್ಟು, ಮದುವೆ, ಮನೆ ವಿಳಾಸವೆಲ್ಲ ಅವನ ಕೈಯಲ್ಲಿರುವುದರಿಂದ ಎಲ್ಲರೂ ಅವನನ್ನು ಶಾನುಭೋಗ ಎನ್ನುತ್ತೇವೆ. ಕೆಲಸಗಳ್ಳನಲ್ಲ. ಆದರೆ ಒಂದೇ ಕೆಲಸವನ್ನು ಎರಡು ಸಲ ಮಾಡುವುದೆಂದರೆ ಅವನಿಗೆ ಚಳಿಜ್ವರ ಬರುತ್ತದೆ. ಶುರುವಿನಲ್ಲಿ ನಮ್ಮ ಉಗ್ರಾಣದ ಹನ್ನೆರಡು ಜನರ ವಿವರ ಹಾಕಬೇಕಾಗಿ ಬಂದಾಗ, ಮೊದಲು ನನ್ನದನ್ನು ಚೊಕ್ಕವಾಗಿ ಹಾಕಿದ. ಉಳಿದ ಹನ್ನೊಂದಕ್ಕೂ ಅದನ್ನೇ ನಕಲು ಮಾಡಿ, ಮೇಲಿನ ಹೆಸರು ಮಾತ್ರ ಬದಲಿಸಿ, ಕೈ ಕೊಡವಿಕೊಂಡು ಮನೆಗೆ ಹೋದ. ಮರುದಿನ ಬೆಳಿಗ್ಗೆ ನೋಡಿದರೆ ಹನ್ನೆರಡು ಜನಕ್ಕೂ ಒಬ್ಬನೇ ಗಂಡ.

"ನಿನ್ನ ಗಂಡನ್ನ ನೀನೇ ಇಟ್ಕೊಳ್ಳಮ್ಮ, ನನ್ನ ಮನೇಲಿರೋದೇ ನನಗೆ ಸಾಕಾಗಿದೆ" ಎಂದಳು ಇಸ್ತ್ರಿ ಯಂತ್ರದ ಅಕ್ಕ. ಬಾಯ್ಲರ್ ನೋಡಿಕೊಳ್ಳುವವನು ಆರಡಿ ಎತ್ತರದ, ಪೊದೆ ಮೀಸೆಯ ಮನುಷ್ಯ, ನಮಗೆಲ್ಲ ಬಾಯ್ಲರ್ ಮಾವ. ಅವನಿಗೂ ನನ್ನ ಗಂಡನೇ ಗಂಡ. ಪಾಪ, ದಿನವಿಡೀ ಯಾರ ಮುಖವನ್ನೂ ನೋಡದೆ ಬಾಯ್ಲರಿನ ಹಿಂದೆ ಅಡಗಿ ಕೂತಿದ್ದ. ಅಷ್ಟು ಹೊತ್ತಿಗೆ ನನ್ನ ಗಂಡ ನನ್ನನ್ನು ಬಿಟ್ಟು ಹೋಗಿ ಒಂದು ವರ್ಷ ಆಗಿತ್ತು. ಹೋದವನು ಹನ್ನೆರಡು ಕಡೆ ಒಮ್ಮೆಲೇ ವಾಪಸ್ ಬಂದದ್ದು ಕಂಡು ನಾನು ನಗಬೇಕೋ ಅಳಬೇಕೋ ತಿಳಿಯದೆ, ಕೊನೆಗೆ ನಗುವುದೇ ಅಗ್ಗವೆಂದು ನಕ್ಕುಬಿಟ್ಟೆ.

ಶಾನುಭೋಗ ತಲೆ ಕೆರೆದುಕೊಳ್ಳುತ್ತಾ ಬಂದು ಒಬ್ಬೊಬ್ಬರದೇ ಸರಿ ಮಾಡಿದ. ಹೆಂಗಸರದು ಸುಲಭ, ನನ್ನ ಗಂಡನ ಹೆಸರಿನ ಮೇಲೆ ಅವರವರ ಗಂಡಂದಿರ ಹೆಸರು ಹೊಡೆದರೆ ಆಯಿತು. ಬಾಯ್ಲರ್ ಮಾವನ ಹತ್ತಿರ ಬಂದಾಗ ನಿಂತ.

"ಒಂದು ಸಲ ಕಾಲಂ ಹುಟ್ಟಿತು ಅಂದ್ರೆ ಅದರ ತಲೆಬರಹ ಬದಲಾಗಲ್ಲ. ಗಂಡೋ ಹೆಣ್ಣೋ ಅನ್ನೋದೂ ಬದಲಾಗಲ್ಲ" ಎಂದ. "ಒಳಗಿರೋ ಹೆಸರು, ತಾರೀಕು, ನಂಬರು, ಇಷ್ಟನ್ನ ಮಾತ್ರ ಟೈಪಿಂಗ್ ತಪ್ಪು ಅಂತ ತಿದ್ದೋ ಅಧಿಕಾರ ನನಗಿದೆ. ಹೊಸ ಕಾಲಂ ಬೇಕು ಅಂದ್ರೆ ಆಡಳಿತದಿಂದ ಮಂಜೂರಾಗಿ ಬರಬೇಕು, ಮೂರು ತಿಂಗಳು."

"ಹಾಗಾದ್ರೆ ನನ್ನ ಹೆಂಡ್ತಿ?" ಎಂದ ಬಾಯ್ಲರ್ ಮಾವ.

"ಸದ್ಯಕ್ಕೆ ನಿಮ್ಮ ಗಂಡ."

ಆ ಸದ್ಯ ಇವತ್ತಿಗೂ ಮುಗಿದಿಲ್ಲ. ಬಾಯ್ಲರ್ ಮಾವನ ಹೆಂಡತಿ 'ಪತಿ' ಕಾಲಂನಲ್ಲಿ ಕೂತೇ ಹಲ್ಲು ಕೀಳಿಸಿಕೊಂಡರು, ಕನ್ನಡಕ ಮಾಡಿಸಿಕೊಂಡರು. ಯಾರೂ ಒಂದು ಮಾತು ಕೇಳಲಿಲ್ಲ.

ಇನ್ನು ನನ್ನ ಅತ್ತೆಯ ವಿಷಯ. ಅವರು ನನ್ನ ಗಂಡನ ತಾಯಿ. ಅವನು ಎರಡು ಚೀಲ ಕಟ್ಟಿಕೊಂಡು ಹೊರಟ ದಿನ ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. "ಅಮ್ಮ, ಬರ್ತೀಯಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ, ಬರಲಿ ಅನ್ನುವ ಧ್ವನಿಯೇನೂ ಅಲ್ಲ. ಅತ್ತೆ ತಲೆ ಎತ್ತಲಿಲ್ಲ. "ರೇಡಿಯೋ ತಗೊಂಡು ಹೋಗ್ಬೇಡ" ಎಂದರು. ಅಷ್ಟೇ. ಅವನು ಹೋದ, ರೇಡಿಯೋ ಉಳಿಯಿತು, ಅತ್ತೆಯೂ ಉಳಿದರು. ನಾನು ಇರಿ ಎಂದು ಕೇಳಲಿಲ್ಲ, ಅವರು ಇರುತ್ತೇನೆ ಎಂದು ಹೇಳಲಿಲ್ಲ. ಮರುದಿನದಿಂದ ಇಬ್ಬರೂ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದು ಹಿಂದಿನ ಹಾಗೇ ಜಗಳವಾಡತೊಡಗಿದೆವು.

ಕಳೆದ ವರ್ಷ ವಿಚ್ಛೇದನದ ಕಾಗದ ಕೈಗೆ ಬಂದಾಗ ನಾನು ಅದನ್ನು ಹಿಡಿದು ಕುಣಿಯುತ್ತಾ ಆಡಳಿತ ಕಚೇರಿಗೆ ಹೋಗಿದ್ದೆ. ಅಲ್ಲಿದ್ದ ಗುಮಾಸ್ತೆ ಪರದೆ ನೋಡಿ, "ಇವರನ್ನ ತೆಗೆದ್ರೆ ಇವರ ಕೆಳಗಿರೋರೂ ಹೋಗ್ತಾರೆ" ಎಂದಳು. ಅತ್ತೆ ಡೈರೆಕ್ಟರಿಯಲ್ಲಿ ನನ್ನ ಕೆಳಗೆ ಇರಲಿಲ್ಲ. 'ಪತಿಯ ತಾಯಿ' ಎಂದು ಅವನ ಕೆಳಗೆ ಜೋತುಬಿದ್ದಿದ್ದರು. ಕೊಂಬೆ ಕಡಿದರೆ ಹಣ್ಣೂ ನೆಲಕ್ಕೆ. ಆಸ್ಪತ್ರೆಯ ನೌಕರರ ಕುಟುಂಬಕ್ಕೆ ಸಿಗುವ ಚಿಕಿತ್ಸೆ ಅತ್ತೆಗೆ ಸಿಗುವುದು ಆ ಕೊಂಬೆಯಿಂದ. ನಾನು ಕಾಗದ ಮಡಚಿಕೊಂಡು ವಾಪಸ್ ಬಂದೆ. ಅವನು ನನ್ನ ಫಾರಂಗಳಲ್ಲಿ ಹಾಯಾಗಿ ಉಳಿದ.

ಚಿಕಿತ್ಸೆ ಬೇಕಾಗಿದ್ದದ್ದು ಕಣ್ಣಿಗೆ. ಅತ್ತೆಯ ಎಡಗಣ್ಣು ಎಷ್ಟೋ ವರ್ಷದ ಹಿಂದೆಯೇ ಹೋಗಿತ್ತು. ಈಗ ಬಲಗಣ್ಣಿಗೂ ಪೊರೆ ಬಂದು, ಎದುರಿಗೆ ನಿಂತವಳು ನಾನೋ ಬೀರುವೋ ಎಂದು ಕೇಳುವ ಸ್ಥಿತಿ. ಪೊರೆ ಹಣ್ಣಾಗಿ ಗಟ್ಟಿಯಾಗುತ್ತಿದೆ, ಈ ಗುರುವಾರ ಮಾಡಿಸಿದರೆ ಸರಿ, ಇದು ತಪ್ಪಿದರೆ ಮುಂದಿನ ಸರದಿ ಎಂಟು ತಿಂಗಳಿಗೆ, ಅಲ್ಲಿಯವರೆಗೆ ಕಣ್ಣು ಉಳಿಯುತ್ತದೆಂದು ನಾನು ಹೇಳಲಾರೆ ಎಂದರು ಕಣ್ಣಿನ ಡಾಕ್ಟರಮ್ಮ.

ಅತ್ತೆಗೆ ಆ ಕಣ್ಣು ಬೇಕಾಗಿದ್ದದ್ದು ಮುಖ್ಯವಾಗಿ ನಿಧನ ವಾರ್ತೆ ಓದುವುದಕ್ಕೆ. ಪೇಪರಿನಲ್ಲಿ ಅವರು ಇನ್ನೇನನ್ನೂ ಓದುತ್ತಿರಲಿಲ್ಲ. "ಯಾರ್ಯಾರು ನನಗಿಂತ ಮುಂಚೆ ಹೋದ್ರು ಅಂತ ಗೊತ್ತಿರ್ಬೇಕು" ಎನ್ನುತ್ತಿದ್ದರು. ಕಣ್ಣು ಮಂಜಾದ ಮೇಲೆ ಅದನ್ನು ಓದಿ ಹೇಳುವ ಕೆಲಸ ನನಗೆ ಬಿತ್ತು. ಬೆಳಿಗ್ಗೆ ಅವಸರದಲ್ಲಿ ಓದಿ ಓದಿ ಬೇಸರವಾಗಿ ನಾನು ನಡುನಡುವೆ ಸುಳ್ಳು ಸಾವುಗಳನ್ನು ಸೇರಿಸತೊಡಗಿದೆ. ಬಟ್ಟೆ ಒಣಗಿಸುವ ಹಗ್ಗದ ವಿಷಯಕ್ಕೆ ಅತ್ತೆಯ ಜೊತೆ ಮಾತು ಬಿಟ್ಟಿರುವ ಕೆಳಮನೆಯಾಕೆಯನ್ನು ಮೂರು ಸಲ ಸಾಯಿಸಿದ್ದೇನೆ. "ಮತ್ತೆ ಸತ್ಲಾ? ಪಾಪ" ಎಂದು ಅತ್ತೆ ಸಂತೋಷದಿಂದ ಬ್ರೆಡ್ಡು ಕಚ್ಚುತ್ತಿದ್ದರು.

"ಅವನಿಗೂ ಒಂದು ಮಾತು ತಿಳಿಸು" ಎಂದರು ಅತ್ತೆ ಭಾನುವಾರ. "ಆಪರೇಷನ್ ಅಂದ್ರೆ ಬಂದೇ ಬರ್ತಾನೆ. ಸೋಮಾರಿ ಇರ್ಬಹುದು, ಕಟುಕ ಅಲ್ಲ."

ನಾನು ಹೂಂ ಎಂದೆ. ತಿಳಿಸುವ ಕೆಲಸವನ್ನು ಕಂಪ್ಯೂಟರೇ ಮಾಡಿತು.

ಸೋಮವಾರ ಬೆಳಿಗ್ಗೆ ದಿಂಬಿನ ಕವರು ಸರಿಸಿ ಶಸ್ತ್ರಚಿಕಿತ್ಸೆಯ ಫಾರಂ ತೆರೆದೆ. ಅದು ಓಡಿಹೋಗಿ ನನ್ನ ಹೆಸರು ತಂದಿತು, ಉಗ್ರಾಣ ತಂದಿತು, ನನ್ನ ಗಂಡನನ್ನು ತಂದಿತು, ಅವನ ಹಿಂದೆ ಅವನ ಸೆರಗು ಹಿಡಿದಂತೆ ಅತ್ತೆಯನ್ನೂ ತಂದಿತು. ಎಲ್ಲ ಬೂದುಬಣ್ಣ, ಎಲ್ಲ ಸರಿ. ಕಳಿಸು ಎಂದು ಒತ್ತಿದೆ. ಪರದೆಯ ಮೇಲೆ ಹೊಸ ಸಾಲು ಬಂತು: ಅವಲಂಬಿತರ ವಿಷಯದಲ್ಲಿ ಪತಿಯ ದೃಢೀಕರಣಕ್ಕಾಗಿ ಅವರ ಫೋನಿಗೆ ಸಂದೇಶ ಹೋಗಿದೆ. ಮೇಲೆ ಕಳಿಸಿದ ಸಮಯ, ಹತ್ತು ಗಂಟೆ ಹನ್ನೆರಡು ನಿಮಿಷ. ಸಂದೇಶವೂ ಅಲ್ಲೇ ಇತ್ತು: 'ಈ ವ್ಯಕ್ತಿ, ಸಂಬಂಧ ತಾಯಿ, ನಿಮ್ಮ ಅವಲಂಬಿತರೇ? ಹೌದು. ಅಲ್ಲ.'

ನಾನು ಒಂದು ಗಾಡಿ ಹೊದಿಕೆ ಮಡಿಸಿ ಬರುವಷ್ಟರಲ್ಲಿ ಉತ್ತರ ಬಂದಾಗಿತ್ತು. ಅಲ್ಲ. ಹತ್ತು ಗಂಟೆ ಹದಿನಾರು ನಿಮಿಷ. ಫಾರಂ ತಾನಾಗಿ ತುಂಬಿದಂತೆಯೇ ತಾನಾಗಿ ಖಾಲಿಯಾಗಿತ್ತು. ಅತ್ತೆಯ ಸಾಲೇ ಇರಲಿಲ್ಲ.

ಎರಡು ವರ್ಷದಿಂದ ಮಾತಾಡಿಸದವನಿಗೆ ಫೋನ್ ಮಾಡಿದೆ. "ಅದೇನಾದ್ರೂ ಮೋಸದ ಮೆಸೇಜು ಅಂದ್ಕೊಂಡ್ರಾ?" ಎಂದು ಕೇಳಿದೆ. ದೇವರಾಣೆಗೂ ಅವನು ಹೌದೆನ್ನಲಿ ಎಂದುಕೊಂಡೇ ಕೇಳಿದೆ.

"ಓದಿದೆ" ಎಂದ. "ಹೌದು ಅಂತ ಒತ್ತಿದ್ರೆ ನಾಳೆ ಜವಾಬ್ದಾರಿ ಅಂತ ನನ್ನ ಮೇಲೇ ಬರುತ್ತೆ. ಇಲ್ಲಿ ಮನೇಲಿ ಒಪ್ಪಲ್ಲ. ಹೇಗಿದ್ರೂ ನೀನು ನೋಡ್ಕೋತಿದ್ದೀಯಲ್ಲ."

ಮೈಯೆಲ್ಲ ಉರಿದುಹೋಯಿತು. ಅವನು ನನ್ನನ್ನು ಬಿಟ್ಟದ್ದಕ್ಕೆ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ನನ್ನನ್ನು ಬಿಡುವುದಕ್ಕೆ ನೂರು ಕಾರಣ ಇರಬಹುದು, ಅದರಲ್ಲಿ ಐವತ್ತು ನಾನೇ ಒದಗಿಸಿರಬಹುದು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಸ್ತ್ರಿ ಯಂತ್ರದ ಸದ್ದಿನಲ್ಲಿ ಅವನಿಗೆ ಎಷ್ಟು ಕೇಳಿಸಿತೋ, ನನ್ನ ಹಿಂದಿದ್ದ ಹನ್ನೊಂದು ಜನಕ್ಕಂತೂ ಚೆನ್ನಾಗಿ ಕೇಳಿಸಿತು. ಸಂಜೆ ಅತ್ತೆಗೆ, "ಕಂಪ್ಯೂಟರ್ ಕೆಟ್ಟಿದೆ, ನಾಳೆ ಸರಿಹೋಗುತ್ತೆ" ಎಂದೆ.

"ಅವನಿಗೆ ತಿಳಿಸಿದ್ಯಾ?"

"ಮೆಸೇಜ್ ಹೋಗಿದೆ."

ಮಂಗಳವಾರ ಮೂರನೇ ಮಹಡಿ ಹತ್ತಿದೆ. ಶಾನುಭೋಗ ಪರದೆ ನೋಡಿದ, ನನ್ನ ಮುಖ ನೋಡಿದ. "ಹೊಸ ಕಾಲಂಗೆ ಮೂರು ತಿಂಗಳಾಗುತ್ತಲ್ಲಕ್ಕ" ಎಂದ.

"ಹೊಸ ಕಾಲಂ ಯಾರಿಗೆ ಬೇಕು? ನನ್ನ ದಾಖಲೇಲಿ ಒಂದು ಟೈಪಿಂಗ್ ತಪ್ಪಿದೆ, ತಿದ್ದು."

"ಎಲ್ಲಿ?"

"ಪತಿ ಅನ್ನೋ ಕಡೆ. ಹೆಸರು ತಪ್ಪು, ಹುಟ್ಟಿದ ದಿನ ತಪ್ಪು, ಫೋನ್ ನಂಬರು ತಪ್ಪು. ಒಟ್ಟಿನಲ್ಲಿ ಮನುಷ್ಯನೇ ತಪ್ಪು."

ನಾನು ಅತ್ತೆಯ ಹೆಸರು, ತಾರೀಕು, ಅವರ ದಪ್ಪಕ್ಷರದ ಫೋನಿನ ನಂಬರು ಬರೆದಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟೆ. ಅವನು ಓದಿ ಬೆವತುಹೋದ.

"ಅಕ್ಕ, ನಿಮ್ಮ ಅತ್ತೇನ ನಿಮಗೆ ಗಂಡ ಮಾಡ್ಲಾ? ನನ್ನ ಕೆಲಸ ಹೋಗುತ್ತೆ."

"ಬಾಯ್ಲರ್ ಮಾವನ ಹೆಂಡ್ತೀನ ಅವನಿಗೆ ಗಂಡ ಮಾಡಿದಾಗ ಹೋಯ್ತಾ? ಒಂದೇ ದಿನ ನನ್ನ ಗಂಡನ್ನ ಹನ್ನೊಂದು ಜನಕ್ಕೆ ಕಟ್ಟಿದಾಗ ಹೋಯ್ತಾ? ಆಗ ನಾನು ಯಾರಿಗಾದ್ರೂ ದೂರು ಕೊಟ್ನಾ?"

ಅವನು ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಯಾವ ಕಣ್ಣು?" ಎಂದು ಕೇಳಿದ.

"ಇರೋದೇ ಒಂದು."

ಅವನು ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡ. ಹದಿನೇಳು ವರ್ಷದ ಸಂಸಾರವನ್ನು ಅಳಿಸುವ ಗುಂಡಿ ಒತ್ತಿ ಒಂದೊಂದೇ ಅಕ್ಷರವಾಗಿ ಹಿಂದಿನಿಂದ ತಿಂದುಕೊಂಡು ಬಂದ. ಕೋರ್ಟಿನಲ್ಲಿ ಎರಡು ವರ್ಷ ಹಿಡಿದ ಕೆಲಸ, ಇಲ್ಲಿ ಎರಡು ನಿಮಿಷ. ಖಾಲಿಯಾದ ಜಾಗದಲ್ಲಿ ಅತ್ತೆಯ ಹೆಸರು ಹೊಡೆದ. ನಾನು ನೆಲಮಾಳಿಗೆಗೆ ಇಳಿದು ಫಾರಂ ತೆರೆದಾಗ, ಅದು ಓಡಿಹೋಗಿ ಅತ್ತೆಯನ್ನೇ ನೇರವಾಗಿ ಕರೆತಂದಿತು. ಪತಿ. ಗಂಡು. ವಯಸ್ಸು ಎಪ್ಪತ್ನಾಲ್ಕು. ಪತಿಗೆ ಇನ್ನೊಬ್ಬರ ದೃಢೀಕರಣ ಬೇಕಾಗಿಲ್ಲವಾದ್ದರಿಂದ ಅರ್ಜಿ ತಕ್ಷಣ ಮಂಜೂರಾಯಿತು.

ಒಂದು ಫಾರಂ ತುಂಬಿದರೆ ಅದರಿಂದ ಇನ್ನು ಹತ್ತು ಫಾರಂ ತುಂಬಿಕೊಳ್ಳುತ್ತವೆ ಎಂಬುದನ್ನು ಮಾತ್ರ ನಾನು ಮರೆತಿದ್ದೆ. ಗುರುವಾರ ಹೋದರೆ ಅತ್ತೆಗೆ ಗಂಡಸರ ವಾರ್ಡಿನಲ್ಲಿ ಹಾಸಿಗೆ ಕೊಟ್ಟಿದ್ದರು. ಹೆಂಗಸರ ವಾರ್ಡು ಭರ್ತಿ. ಬದಲಾಯಿಸಬೇಕೆಂದರೆ ದಾಖಲೆ ತೆರೆಯಬೇಕು, ದಾಖಲೆ ತೆರೆದರೆ ಶಾನುಭೋಗನ ತಲೆ ಉರುಳುತ್ತದೆ.

"ಅತ್ತೆ, ನಿಮ್ಮನ್ನ ಕಂಪ್ಯೂಟರ್ ಗಂಡಸು ಅಂದ್ಕೊಂಡಿದೆ" ಎಂದೆ ಕಿವಿಯಲ್ಲಿ.

"ಯಾಕೆ, ಮೀಸೆ ಕಾಣಿಸ್ತಾ?" ಎಂದರು ಗಟ್ಟಿಯಾಗಿ. "ಇರ್ಲಿ ಬಿಡು. ನನಗಂತೂ ಕಣ್ಣು ಕಾಣಲ್ಲ, ಸಂಕೋಚ ಪಡಬೇಕಾದೋರು ಅವರು."

ವಾರ್ಡಿನ ಗುಮಾಸ್ತ ಪಟ್ಟಿ ಹಿಡಿದು ಬಂದು, "ಉಗ್ರಾಣದ ಮೇಡಮ್ಮಿನ ಪತಿ ಯಾರು?" ಎಂದು ಕೂಗಿದ. "ನಾನೇ, ಏನೀಗ?" ಎಂದು ಅತ್ತೆ ಕೈ ಎತ್ತಿದರು. ಅವನು ಪಟ್ಟಿ ನೋಡಿದ, ಅತ್ತೆಯ ಜಡೆ ನೋಡಿದ, ಮತ್ತೆ ಪಟ್ಟಿ ನೋಡಿದ. ಪಟ್ಟಿ ಬೂದುಬಣ್ಣದಲ್ಲಿತ್ತು. ಕಂಪ್ಯೂಟರ್ ಹೇಳಿದ ಮೇಲೆ ತನ್ನದೇನು ಎಂದು ಟಿಕ್ ಹಾಕಿ ಮುಂದೆ ಹೋದ. ಡಾಕ್ಟರಮ್ಮ ಮಾತ್ರ ಫೈಲು ಓದಿ, ತುಟಿ ಕಚ್ಚಿಕೊಂಡು, ನನಗೆ ಕಣ್ಣು ಹೊಡೆದು ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು.

ಹೊರಗೆ ಬೆಂಚಿನ ಮೇಲೆ ನಲವತ್ತು ನಿಮಿಷ ಕೂತಿದ್ದೆ. ಈ ಮುದುಕಿಗೆ ಏನಾದರೂ ಆದರೆ ನಾನು ಯಾರ ಜೊತೆ ಜಗಳವಾಡಲಿ ಎಂಬುದೊಂದೇ ಯೋಚನೆ. ಅತ್ತೆ ಕಟ್ಟಿದ ಕಣ್ಣಿನಲ್ಲಿ ಹೊರಗೆ ಬಂದು ಮೊದಲು ಕೇಳಿದ್ದು, "ಬಂದಿದ್ನಾ?"

"ಇಲ್ಲ ಅತ್ತೆ."

"ಮೆಸೇಜ್ ನೋಡಿರಲ್ಲ" ಎಂದರು.

ಕಟ್ಟು ಬಿಚ್ಚಿ, ಕನ್ನಡಕ ಬಂದು, ಒಂದು ತಿಂಗಳಿಗೆ ಅತ್ತೆ ತಾವೇ ಪೇಪರು ಹಿಡಿದರು. ಮೊದಲ ದಿನವೇ ಕಿಟಕಿಯಿಂದ ಬಗ್ಗಿ ನೋಡಿ, "ಕೆಳಮನೆಯೋಳು ಮೂರು ಸಲ ಸತ್ತು ಏನ್ ದಪ್ಪ ಆಗಿದ್ದಾಳೆ ನೋಡು" ಎಂದರು. ನನ್ನ ಬಿಳಿಕೂದಲು ಲೆಕ್ಕ ಹಾಕಿದರು. ಒಲೆಯ ಹಿಂದಿನ ಜಿಡ್ಡು ಕಂಡುಹಿಡಿದರು. ಆ ಕಣ್ಣು ಮಾಡಿಸಿದ್ದು ನನ್ನದೇ ತಪ್ಪೇನೋ ಎನಿಸುವಷ್ಟು ಎಲ್ಲವೂ ಕಾಣತೊಡಗಿತು.

ಒಂದು ರಜೆಯ ದಿನ ಬೆಳಿಗ್ಗೆ ಅತ್ತೆಯ ಫೋನು ಕಿಣಿಕಿಣಿ ಎಂದಿತು. ನಾನು ಟೀ ಸೋಸುತ್ತಿದ್ದೆ. ಅವರು ಕನ್ನಡಕ ಏರಿಸಿ ದಪ್ಪಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದರು. "ಗೌರವಾನ್ವಿತ ಪತಿ ಅವರೇ. ನಿಮ್ಮ ವಿವರ ಇತ್ತೀಚೆಗೆ ತಿದ್ದಲಾಗಿದೆ. ಹಿಂದಿನ ವಿವರ ಹೀಗಿದೆ." ಅಲ್ಲಿಗೆ ಓದುವುದು ನಿಂತಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಓಡಿ ಬಂದು ಹಿಂದಿನಿಂದ ನೋಡಿದೆ. ದರಿದ್ರ ಡೈರೆಕ್ಟರಿ ಏನನ್ನೂ ಮರೆಯುವುದಿಲ್ಲ. ಮಗನ ಹೆಸರು, ಅವನಿಗೆ ಕೇಳಿದ ಪ್ರಶ್ನೆ, ಅವನು ಕೊಟ್ಟ ಉತ್ತರ, ಎಲ್ಲ ಸಾಲಾಗಿ ಇತ್ತು. ಕೊನೆಯಲ್ಲಿ, 'ಹಿಂದಿನ ವಿವರವೇ ಸರಿಯೇ? ಹೌದು. ಅಲ್ಲ.'

"ಕಂಪ್ಯೂಟರ್ ಕೆಟ್ಟಿದೆ ಅಂದಿದ್ದೆ" ಎಂದರು ಅತ್ತೆ.

"ಹೂಂ."

"ಇದನ್ನ ಒತ್ತೋಕೆ ಮುಂಚೆ ಯೋಚನೆ ಮಾಡಿರ್ತಾನೆ ಅಲ್ವಾ?"

"ಮಾಡ್ದ ಅತ್ತೆ. ಒಂದಿಡೀ ದಿನ ತಗೊಂಡ."

ಅತ್ತೆ ಫೋನನ್ನು ಹತ್ತಿರ ಹಿಡಿದು, ಬೆರಳಿಟ್ಟು ಓದಿದರು. "ಕಳಿಸಿದ್ದು ಹತ್ತು ಹನ್ನೆರಡು. ಉತ್ತರ ಹತ್ತು ಹದಿನಾರು." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಸಾವಿನ ಸುದ್ದಿ ಓದೋವಾಗ ಸುಳ್ಳು ಹೇಳಿದ್ರೆ ಪರವಾಗಿಲ್ಲ. ಇದಕ್ಕೆ ಹೇಳ್ಬೇಡ."

ನಾನು ಟೀ ಲೋಟ ಅವರ ಮುಂದಿಟ್ಟೆ.

"ನಾನು ಎಷ್ಟು ಹೊತ್ತು ತಗೊಂಡೆ ಅಂತಾನೂ ಇದರಲ್ಲಿ ಬರುತ್ತಾ?" ಎಂದು ಕೇಳಿದರು.

"ಬರುತ್ತೆ."

"ಹಾಗಾದ್ರೆ ಇರು."

ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟರು. ಟೀ ಕುಡಿದರು. ನಿಧನ ವಾರ್ತೆಯ ಪುಟವನ್ನು ಮೇಲಿನಿಂದ ಕೆಳಗಿನವರೆಗೆ, ಫೋಟೋಗಳ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡದೆ ಓದಿದರು. ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಪೂರ್ತಿ ಕೇಳಿದರು. ನಡುವೆ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದೆ, ಬೌಲು ಯಾವಾಗಲೋ ತುಂಬಿತ್ತು, ಖಾಲಿ ಸಿಪ್ಪೆಗಳನ್ನೇ ಮತ್ತೆ ಮತ್ತೆ ಬಿಡಿಸುತ್ತಿದ್ದೆ. ಒಂದು ಗಂಟೆ ಹತ್ತು ನಿಮಿಷವಾದ ಮೇಲೆ ಅವರು ಫೋನು ಎತ್ತಿಕೊಂಡು 'ಅಲ್ಲ' ಎಂಬುದನ್ನು ಒತ್ತಿದರು.

ಅತ್ತೆ ಎದ್ದು ಎರಡೂ ಲೋಟ ತೆಗೆದುಕೊಂಡರು.

"ನೀವು ಯಾಕೆ? ಈ ಮನೇಲಿ ಗಂಡ ಲೋಟ ತೊಳೆದ ಪದ್ಧತಿ ಇಲ್ಲ" ಎಂದೆ, ಮೂಗು ಒರೆಸಿಕೊಳ್ಳುತ್ತಾ.

"ಅವನು ತೊಳೀತಿರ್ಲಿಲ್ಲ" ಎಂದರು ಅತ್ತೆ. ನಲ್ಲಿ ತಿರುಗಿಸಿ, ಲೋಟಗಳನ್ನು ತೊಳೆದು, ಕೆಳಗಿದ್ದ ಬಕೆಟ್ಟನ್ನೂ ನೀರಿಗೆ ಹಿಡಿದರು.